ಎರಡು ಪ್ರೊಸೆಸರ್‌ಗಳ ಡೆಸ್ಕ್‌ಟಾಪ್: ಬಿಡಿಭಾಗಗಳನ್ನು ಯಾವ ಕ್ರಮದಲ್ಲಿ ಆರಿಸಬೇಕು

ಎರಡು ಪ್ರೊಸೆಸರ್‌ಗಳಿರುವ ಡೆಸ್ಕ್‌ಟಾಪ್ ಕಟ್ಟಲು ಹೊರಟವರಲ್ಲಿ ಹೆಚ್ಚಿನವರು ಪ್ರೊಸೆಸರ್‌ನಿಂದಲೇ ಶುರು ಮಾಡುತ್ತಾರೆ. ಯಾವುದರಲ್ಲಿ ಎಷ್ಟು ಕೋರ್‌ಗಳಿವೆ (ಕೋರ್ ಎಂದರೆ ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಘಟಕ), ಎರಡು ಸೇರಿದರೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿ, ಆ ಸಂಖ್ಯೆಗೆ ಮನಸೋತು ಜೋಡಿಯನ್ನು ಕೊಂಡುಬಿಡುತ್ತಾರೆ. ಕಷ್ಟ ಎದುರಾಗುವುದು ಆಮೇಲೆ. ಪ್ರೊಸೆಸರ್ ಕೂರಿಸುವ ಸಾಕೆಟ್ ಮೇಲೆ ಕೂಲರ್ ಕೂರುವುದಿಲ್ಲ, ಬೋರ್ಡ್ ಕ್ಯಾಬಿನೆಟ್‌ನೊಳಗೆ ಹಿಡಿಸುವುದಿಲ್ಲ, ಮನೆಯಲ್ಲಿದ್ದ ರ‍್ಯಾಮ್ ಈ ಬೋರ್ಡ್‌ಗೆ ಒಗ್ಗುವುದಿಲ್ಲ. ಒಂದು ಪ್ರೊಸೆಸರ್‌ನ ಯಂತ್ರದಲ್ಲಿ ಇಂಥ ಎಡವಟ್ಟುಗಳು ಅಪರೂಪ, ಏಕೆಂದರೆ ಅಲ್ಲಿ ಎಲ್ಲವೂ ಸಾಮಾನ್ಯ ಗ್ರಾಹಕರಿಗೆಂದೇ ಅಳತೆ ಮಾಡಿಟ್ಟದ್ದು. ಇಲ್ಲಿ ನೀವು ಸರ್ವರ್‌ಗಳ ಲೋಕದಿಂದ ಭಾಗಗಳನ್ನು ತಂದು ಮೇಜಿನ ಮೇಲೆ ನಿಲ್ಲಿಸುತ್ತಿದ್ದೀರಿ. ಹಾಗಾಗಿ ಆಯ್ಕೆಯ ಕ್ರಮವೂ ಬೇರೆ: ಮಾಡಬೇಕಾದ ಕೆಲಸ ಮೊದಲು, ಆ ಕೆಲಸ ಬೇಡುವ ಮೆಮೊರಿ ಮತ್ತು ಸ್ಲಾಟ್‌ಗಳು ಆಮೇಲೆ, ಅವನ್ನು ಕೊಡಬಲ್ಲ ಮದರ್‌ಬೋರ್ಡ್ ಅದರ ನಂತರ. ಪ್ರೊಸೆಸರ್‌ನ ನಿಖರ ಮಾದರಿಯನ್ನು ನಿರ್ಧರಿಸಬೇಕಾದದ್ದು ಇಷ್ಟೆಲ್ಲ ಆದ ಮೇಲೆ.

ಮೊದಲು ಒಂದು ಗೊಂದಲ ತಿಳಿಯಾಗಲಿ. ಒಂದೇ ಚಿಪ್‌ನೊಳಗೆ ಎರಡು ಕೋರ್‌ಗಳಿದ್ದರೆ ಅದು ಡ್ಯುಯಲ್ ಕೋರ್. ಒಂದೇ ಮದರ್‌ಬೋರ್ಡ್ ಮೇಲೆ ಎರಡು ಸಾಕೆಟ್‌ಗಳಿದ್ದು, ಪ್ರತಿಯೊಂದರಲ್ಲೂ ಪೂರ್ಣ ಪ್ರೊಸೆಸರ್ ಕೂತಿದ್ದರೆ ಅದು ಡ್ಯುಯಲ್ ಪ್ರೊಸೆಸರ್. ಮನೆಬಳಕೆಯ ಪ್ರೊಸೆಸರ್‌ಗಳಲ್ಲಿ ಒಂದೇ ಕೋರ್ ಇದ್ದ ಕಾಲದಲ್ಲಿ ಎರಡು ಕೆಲಸಗಳನ್ನು ನಿಜವಾಗಿಯೂ ಒಟ್ಟಿಗೆ ಮಾಡಿಸಲು ಎರಡನೆಯ ಸಾಕೆಟ್ ಒಂದೇ ದಾರಿಯಾಗಿತ್ತು. 1999ರಲ್ಲಿ ಅಬಿಟ್ ಕಂಪನಿಯ ಬಿಪಿ6 ಮದರ್‌ಬೋರ್ಡ್ ಇಂಟೆಲ್‌ನ ಎರಡು ಅಗ್ಗದ ಸೆಲೆರಾನ್ ಪ್ರೊಸೆಸರ್‌ಗಳನ್ನು ಯಾವ ತಿದ್ದುಪಡಿಯೂ ಇಲ್ಲದೆ ಜೊತೆಯಾಗಿ ಓಡಿಸಿದಾಗ ಹವ್ಯಾಸಿಗಳು ಅದನ್ನು ಸಂಭ್ರಮದಿಂದ ಬರಮಾಡಿಕೊಂಡದ್ದು ಅದಕ್ಕೇ. 2005ರಲ್ಲಿ ಇಂಟೆಲ್‌ನ ಪೆಂಟಿಯಂ ಡಿ ಮತ್ತು ಎಎಂಡಿಯ ಅಥ್ಲಾನ್ 64 ಎಕ್ಸ್2 ಬಂದು ಒಂದೇ ಚಿಪ್‌ನಲ್ಲಿ ಎರಡು ಕೋರ್‌ಗಳನ್ನು ಕೊಟ್ಟ ಮೇಲೆ ಆ ಅಗತ್ಯ ಕರಗುತ್ತಾ ಬಂತು. ಎರಡು ಸಾಕೆಟ್‌ಗಳ ಬೋರ್ಡ್‌ಗಳು ಬಹುಮಟ್ಟಿಗೆ ಸರ್ವರ್ ಮತ್ತು ವರ್ಕ್‌ಸ್ಟೇಷನ್‌ಗಳ ಪಾಲಾದವು.

ನಿಮ್ಮ ಕೆಲಸಕ್ಕೆ ಇದು ಬೇಕೇ?

ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕಂಡುಕೊಳ್ಳದೆ ಒಂದು ಸ್ಕ್ರೂ ಕೂಡ ಕೊಳ್ಳಬೇಡಿ. ಕೋರ್‌ಗಳು ಎರಡರಷ್ಟಾದರೆ ವೇಗವೂ ಎರಡರಷ್ಟಾಗುತ್ತದೆ ಎಂಬ ನಂಬಿಕೆ ಏಕೆ ತಪ್ಪು ಎಂಬುದನ್ನು ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲೇ ತೋರಿಸಿಕೊಟ್ಟಿದ್ದರು. ಯಾವುದೇ ಕೆಲಸದಲ್ಲಿ ಹಂಚಿಕೊಂಡು ಮಾಡಬಹುದಾದ ಭಾಗ ಒಂದಿಷ್ಟು, ಒಂದು ಮುಗಿದ ಮೇಲೆಯೇ ಇನ್ನೊಂದು ಎಂದು ಸಾಲಾಗಿ ನಡೆಯಬೇಕಾದ ಭಾಗ ಒಂದಿಷ್ಟು ಇರುತ್ತದೆ. ಸಾಲಾಗಿ ನಡೆಯುವ ಭಾಗ ಶೇ 10ರಷ್ಟಿದೆ ಎಂದುಕೊಳ್ಳಿ. 24 ಕೋರ್‌ಗಳು ಆ ಕೆಲಸವನ್ನು ಒಂದು ಕೋರ್‌ಗಿಂತ ಸುಮಾರು 7.3 ಪಟ್ಟು ಬೇಗ ಮುಗಿಸುತ್ತವೆ. ಇನ್ನೊಂದು ಪ್ರೊಸೆಸರ್ ಸೇರಿಸಿ 48 ಕೋರ್ ಮಾಡಿದರೆ ಸಿಗುವುದು 8.4 ಪಟ್ಟು. ಎರಡನೆಯ ಪ್ರೊಸೆಸರ್ ತಂದ ಲಾಭ ಶೇ 16ರ ಆಸುಪಾಸು, ಅಷ್ಟೇ. ಅದೇ ಸಾಲಿನ ಭಾಗ ಶೇ 1ಕ್ಕೆ ಇಳಿದರೆ 24 ಕೋರ್‌ಗಳಲ್ಲಿ 19.5 ಪಟ್ಟು, 48ರಲ್ಲಿ 32.7 ಪಟ್ಟು. ಇಲ್ಲಿ ಎರಡನೆಯ ಪ್ರೊಸೆಸರ್ ತನ್ನ ಅನ್ನವನ್ನು ತಾನೇ ದುಡಿಯುತ್ತದೆ.

ಮೂರು ಆಯಾಮದ ಚಿತ್ರಗಳ ರೆಂಡರಿಂಗ್, ದ್ರವಗಳ ಹರಿವಿನ ಗಣಕ ಅಧ್ಯಯನ, ಒಂದೇ ಯಂತ್ರದಲ್ಲಿ ಹತ್ತಾರು ವರ್ಚುವಲ್ ಯಂತ್ರಗಳು, ದೊಡ್ಡ ತಂತ್ರಾಂಶಗಳ ಕಂಪೈಲಿಂಗ್, ಇವೆಲ್ಲ ಹಂಚಿಕೊಂಡು ನಡೆಯುವ ಕೆಲಸಗಳು. ಆಟಗಳಿಗೆ, ಫೋಟೊ ತಿದ್ದುವುದಕ್ಕೆ, ಕಚೇರಿ ಕೆಲಸಕ್ಕೆ ಎರಡು ಸಾಕೆಟ್‌ಗಳಿಂದ ಲಾಭವಿಲ್ಲ. ಸರ್ವರ್ ಪ್ರೊಸೆಸರ್‌ಗಳ ಗಡಿಯಾರ ವೇಗ ಕಡಿಮೆ ಇರುವುದರಿಂದ ನಷ್ಟವೇ ಆಗಬಹುದು. 2016ರ ಇಂಟೆಲ್ ಜಿಯಾನ್ ಇ5-2680 ವಿ4 ಪ್ರೊಸೆಸರ್‌ನಲ್ಲಿ 14 ಕೋರ್‌ಗಳಿವೆ, ಅದರ ಗರಿಷ್ಠ ವೇಗ 3.3 ಗಿಗಾಹರ್ಟ್ಸ್. 2022ರ ಎಎಂಡಿ ರೈಜನ್ 9 7950ಎಕ್ಸ್‌ನಲ್ಲಿ 16 ಕೋರ್‌ಗಳು, ಗರಿಷ್ಠ 5.7 ಗಿಗಾಹರ್ಟ್ಸ್. ಪ್ರತಿ ಕೋರ್ ಒಂದು ಗಡಿಯಾರ ಮಿಡಿತದಲ್ಲಿ ಮಾಡುವ ಕೆಲಸವೂ ಹೊಸದರಲ್ಲಿ ಹೆಚ್ಚು. ಹಾಗಾಗಿ ಹಳೆಯ ಜಿಯಾನ್‌ಗಳ 28 ಕೋರ್‌ಗಳ ಜೋಡಿಯನ್ನು ಹೊಸ 16 ಕೋರ್‌ಗಳ ಒಂಟಿ ಪ್ರೊಸೆಸರ್ ರೆಂಡರಿಂಗ್‌ನಲ್ಲೂ ಹಿಂದೆ ಹಾಕುತ್ತದೆ. ಎರಡು ಸಾಕೆಟ್‌ಗಳು ಎಂದೊಡನೆ ವೇಗ ಎಂದುಕೊಳ್ಳುವವರು ಈ ಹೋಲಿಕೆಯನ್ನು ಮನಸ್ಸಿನಲ್ಲಿಡಬೇಕು.

ಹಾಗಿದ್ದರೂ ಈ ಯಂತ್ರ ಏಕೆ? ಉತ್ತರ ಮೆಮೊರಿಯಲ್ಲಿದೆ, ಕಾರ್ಡ್‌ಗಳಿಗೂ ಪ್ರೊಸೆಸರ್‌ಗೂ ನಡುವೆ ದತ್ತಾಂಶ ಒಯ್ಯುವ ಪಿಸಿಐಇ ಲೇನ್‌ಗಳಲ್ಲಿದೆ. ಮೇಲೆ ಹೇಳಿದ ರೈಜನ್‌ಗೆ ಮೆಮೊರಿ ಚಾನೆಲ್‌ಗಳು, ಅಂದರೆ ರ‍್ಯಾಮ್‌ಗೆ ಹೋಗಿ ಬರುವ ದಾರಿಗಳು, ಎರಡು. ಡಿಡಿಆರ್5-5200 ರ‍್ಯಾಮ್ ಹಾಕಿದರೆ ಸೆಕೆಂಡಿಗೆ 83.2 ಜಿಬಿ ಹರಿಯಬಹುದು. ಹಳೆಯ ಜಿಯಾನ್ ಇ5 ವಿ4 ಪ್ರತಿಯೊಂದಕ್ಕೂ ನಾಲ್ಕು ಚಾನೆಲ್‌ಗಳು. ಡಿಡಿಆರ್4-2400 ಹಾಕಿದರೆ ಒಂದಕ್ಕೆ 76.8 ಜಿಬಿ, ಎರಡಕ್ಕೆ 153.6 ಜಿಬಿ. ಎಂಟು ಚಾನೆಲ್‌ಗಳ ಎರಡು ಎಎಂಡಿ ಎಪಿಕ್ ಸರ್ವರ್ ಪ್ರೊಸೆಸರ್‌ಗಳಿಗೆ ಡಿಡಿಆರ್4-3200 ಹಾಕಿದರೆ ಸೈದ್ಧಾಂತಿಕ ಗರಿಷ್ಠ 409.6 ಜಿಬಿ. ದ್ರವ ಹರಿವಿನ ಲೆಕ್ಕಾಚಾರ, ದೊಡ್ಡ ಭಾಷಾ ಮಾದರಿಗಳನ್ನು ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಓಡಿಸುವುದು ಮುಂತಾದ ಕೆಲಸಗಳಲ್ಲಿ ಕೋರ್‌ಗಳು ದತ್ತಾಂಶಕ್ಕಾಗಿ ಕಾಯುತ್ತಾ ಕೂರುತ್ತವೆ. ಅಲ್ಲಿ ಈ ಸಂಖ್ಯೆಯೇ ನಿರ್ಣಾಯಕ. ನೂರಾರು ಜಿಬಿ ರ‍್ಯಾಮ್ ಬೇಕಾದಾಗಲೂ, ನಾಲ್ಕೈದು ಕಾರ್ಡ್‌ಗಳಿಗೆ ಪೂರ್ಣ ಲೇನ್‌ಗಳು ಬೇಕಾದಾಗಲೂ ಹಾಗೆಯೇ. ನಿಮಗೆ ಬೇಕಿರುವುದು ಬರೀ ಕೋರ್‌ಗಳಾದರೆ 64 ಕೋರ್‌ಗಳವರೆಗಿನ, ಎಎಂಡಿಯ ಥ್ರೆಡ್‌ರಿಪ್ಪರ್‌ನಂಥ ಒಂಟಿ ಸಾಕೆಟ್‌ನ ಯಂತ್ರ ಸರಳ ದಾರಿ. ನನ್ನ ಅಭಿಪ್ರಾಯದಲ್ಲಿ ಈ ಪ್ರಶ್ನೆ ಕೇಳಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂಟಿ ಸಾಕೆಟ್ ಸಾಕು. ಉಳಿದವರಿಗಾಗಿ ಮುಂದಿನ ಮಾತು.

ಎರಡು ಪ್ರೊಸೆಸರ್‌ಗಳು ಮೆಮೊರಿ ಹಂಚಿಕೊಳ್ಳುವ ರೀತಿ

ಇದು ಅರ್ಥವಾದರೆ ಉಳಿದ ಆಯ್ಕೆಗಳೆಲ್ಲ ಸಲೀಸು. ಒಂದು ದೊಡ್ಡ ಮನೆಯಲ್ಲಿ ಎರಡು ಅಡುಗೆಮನೆಗಳಿವೆ, ಒಂದೊಂದಕ್ಕೂ ತನ್ನದೇ ಉಗ್ರಾಣವಿದೆ ಎಂದು ಭಾವಿಸಿ. ತನ್ನ ಉಗ್ರಾಣದಿಂದ ಸಾಮಾನು ತೆಗೆದುಕೊಳ್ಳುವುದು ಬೇಗ. ಇನ್ನೊಂದರಿಂದ ತರಬೇಕಾದರೆ ಓಣಿ ದಾಟಿ ಹೋಗಿ ಬರಬೇಕು. ಸಿಗುವುದು ಅದೇ ಸಾಮಾನು, ಆದರೆ ತಡವಾಗಿ. ಎರಡು ಸಾಕೆಟ್‌ಗಳ ಬೋರ್ಡ್ ಕೂಡ ಹೀಗೆಯೇ. ಪ್ರತಿ ಪ್ರೊಸೆಸರ್‌ಗೂ ಅದರ ಪಕ್ಕದ ಸ್ಲಾಟ್‌ಗಳಲ್ಲಿರುವ ರ‍್ಯಾಮ್ ಸ್ವಂತದ್ದು. ಇನ್ನೊಂದರ ರ‍್ಯಾಮ್‌ನಲ್ಲಿರುವುದು ಬೇಕಾದರೆ ನಡುವಿನ ಕೊಂಡಿಯ ಮೂಲಕ ಕೇಳಿ ತರಿಸಿಕೊಳ್ಳಬೇಕು. ಈ ವ್ಯವಸ್ಥೆಗೆ ನ್ಯೂಮಾ ಎಂದು ಹೆಸರು. ಒಂದು ಪ್ರೊಸೆಸರ್ ಮತ್ತು ಅದರ ಸ್ವಂತ ಮೆಮೊರಿ ಸೇರಿ ಒಂದು ನ್ಯೂಮಾ ನೋಡ್.

ಇಂಟೆಲ್‌ನ ಇ5 ಪೀಳಿಗೆಗಳಲ್ಲಿ ಈ ಕೊಂಡಿಯನ್ನು ಕ್ಯೂಪಿಐ ಎಂದೂ, 2017ರ ನಂತರದ ಜಿಯಾನ್ ಸ್ಕೇಲಬಲ್‌ಗಳಲ್ಲಿ ಯುಪಿಐ ಎಂದೂ, ಎಎಂಡಿಯಲ್ಲಿ ಇನ್ಫಿನಿಟಿ ಫ್ಯಾಬ್ರಿಕ್ ಎಂದೂ ಕರೆಯುತ್ತಾರೆ. ಅತಿ ವೇಗದ ಕ್ಯೂಪಿಐ ಕೊಂಡಿ ಕೂಡ ಒಂದು ದಿಕ್ಕಿನಲ್ಲಿ ಸೆಕೆಂಡಿಗೆ 19.2 ಜಿಬಿ ಮಾತ್ರ ಸಾಗಿಸುತ್ತದೆ. ಅಂದರೆ ಡಿಡಿಆರ್4-2400ರ ಒಂದೇ ಚಾನೆಲ್‌ನಷ್ಟು. ಅಂಥ ಎರಡು ಕೊಂಡಿಗಳಿದ್ದರೂ ಸ್ವಂತ ಮೆಮೊರಿಯ ಅರ್ಧದಷ್ಟೇ ಆಯಿತು. ಆದ್ದರಿಂದ ಈ ಯಂತ್ರದಲ್ಲಿ ಒಳ್ಳೆಯ ಆಯ್ಕೆ ಎಂದರೆ ಎರಡೂ ಕಡೆ ಸಮತೂಕ ಇರುವಂಥದ್ದು, ಓಣಿ ದಾಟುವ ಓಡಾಟ ಕಡಿಮೆ ಇರುವಂಥದ್ದು. ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ ಎಲ್ಲದಕ್ಕೂ ಇದೇ ಸೂತ್ರ.

ಯಾವ ಪ್ರೊಸೆಸರ್‌ಗಳು ಜೋಡಿಯಾಗುತ್ತವೆ

ಎಲ್ಲವೂ ಆಗುವುದಿಲ್ಲ. ರೈಜನ್ ಮತ್ತು ಇಂಟೆಲ್ ಕೋರ್ ಸರಣಿಗಳಲ್ಲಿ ಸಾಕೆಟ್‌ಗಳ ನಡುವೆ ಬೇಕಾದ ಕೊಂಡಿಯ ಸೌಲಭ್ಯವೇ ಇಲ್ಲ. ಥ್ರೆಡ್‌ರಿಪ್ಪರ್ ಮತ್ತು ಥ್ರೆಡ್‌ರಿಪ್ಪರ್ ಪ್ರೊ ಎಷ್ಟೇ ದೊಡ್ಡದಾದರೂ ಒಂಟಿ. ಜೋಡಿಗೆ ಒದಗುವುದು ಜಿಯಾನ್‌ನ ಕೆಲವು ಸರಣಿಗಳು ಮತ್ತು ಎಪಿಕ್. ಹೆಸರಿನಲ್ಲೇ ಸುಳಿವಿರುತ್ತದೆ. ಜಿಯಾನ್ ಇ5ರಲ್ಲಿ ಅಡ್ಡಗೆರೆಯ ನಂತರದ ಮೊದಲ ಅಂಕಿ ಗರಿಷ್ಠ ಸಾಕೆಟ್‌ಗಳ ಸಂಖ್ಯೆ: 1650 ಒಂಟಿಗೆ, 2650 ಎರಡಕ್ಕೆ, 4650 ನಾಲ್ಕಕ್ಕೆ. ಕೋರ್ ಮತ್ತು ವೇಗ ನೋಡಿ ಒಳ್ಳೆಯದೆಂದು ಎರಡು ಇ5-1650 ಕೊಂಡರೆ ಅವು ಎಂದಿಗೂ ಜೊತೆಯಾಗುವುದಿಲ್ಲ. ಎಪಿಕ್‌ನಲ್ಲಿ 7402 ಜೋಡಿಯಾಗುತ್ತದೆ, ಕೊನೆಯಲ್ಲಿ 'ಪಿ' ಅಕ್ಷರವಿರುವ 7402ಪಿ ಆಗುವುದಿಲ್ಲ. ಸ್ಕೇಲಬಲ್ ಜಿಯಾನ್‌ಗಳಲ್ಲಿ ಕೊನೆಗೆ 'ಯು' ಇದ್ದರೆ, 6210ಯು ಹಾಗೆ, ಅದೂ ಒಂಟಿಯೇ. ಮಾರುವವರ ಪಟ್ಟಿಯಲ್ಲಿ ಈ ಒಂದು ಅಕ್ಷರ ಕಣ್ತಪ್ಪುವುದು ತೀರಾ ಸುಲಭ.

ಎರಡೂ ಪ್ರೊಸೆಸರ್‌ಗಳು ಒಂದೇ ಮಾದರಿಯವಾಗಿರಬೇಕು. ಸ್ಟೆಪಿಂಗ್, ಅಂದರೆ ಚಿಪ್‌ನ ಪರಿಷ್ಕರಣೆ ಕೂಡ ಒಂದೇ ಇದ್ದರೆ ನಿಶ್ಚಿಂತೆ. ಇಂಟೆಲ್‌ಗಳಲ್ಲಿ ಲೋಹದ ಮುಚ್ಚಳದ ಮೇಲೆ 'ಎಸ್‌ಆರ್' ಎಂದು ಆರಂಭವಾಗುವ ಸಂಕೇತವಿರುತ್ತದೆ. ಎರಡರ ಸಂಕೇತವೂ ಹೊಂದಿಕೆಯಾಗಲಿ. ಅದರ ಬದಲು 'ಕ್ಯೂ' ಅಕ್ಷರದ ಸಂಕೇತವೋ, ಗೋಪ್ಯ ಎಂಬ ಇಂಗ್ಲಿಷ್ ಮುದ್ರೆಯೋ ಕಂಡರೆ ಅದು ಕಂಪನಿಗಳಿಗೆ ಪರೀಕ್ಷೆಗೆಂದು ಕೊಟ್ಟ ಮಾದರಿ. ಅಗ್ಗವಾಗಿ ಸಿಗುತ್ತದೆ, ಆದರೆ ಬಯೋಸ್ (ಯಂತ್ರವನ್ನು ಎಬ್ಬಿಸುವ, ಬೋರ್ಡ್‌ನೊಳಗಿನ ತಂತ್ರಾಂಶ) ಅದನ್ನು ಗುರುತಿಸುವ ಖಾತರಿಯಿಲ್ಲ. ಮೊದಲ ಯಂತ್ರ ಕಟ್ಟುವವರು ಅದರಿಂದ ದೂರವಿರುವುದೇ ಕ್ಷೇಮ. ಬಳಸಿದ ಎಪಿಕ್ ಕೊಳ್ಳುವವರು ಇನ್ನೊಂದನ್ನು ಕೇಳಲೇಬೇಕು. ಕೆಲವು ಸರ್ವರ್ ತಯಾರಕರು ಭದ್ರತೆಗಾಗಿ ಪ್ರೊಸೆಸರ್ ಅನ್ನು ತಮ್ಮ ಬೋರ್ಡ್‌ಗಳಿಗೆ ಶಾಶ್ವತವಾಗಿ ಬೆಸೆಯುತ್ತಾರೆ. ಹಾಗೆ ಬೆಸೆದದ್ದು ಬೇರೆ ಕಂಪನಿಯ ಬೋರ್ಡ್‌ನಲ್ಲಿ ಎಂದಿಗೂ ಚಾಲೂ ಆಗದು, ಬಿಡಿಸುವ ಉಪಾಯವೂ ಇಲ್ಲ. "ಲಾಕ್ ಆಗಿಲ್ಲ" ಎಂದು ಮಾರುವವರಿಂದ ಬರಹದಲ್ಲಿ ಪಡೆಯಿರಿ.

ಪೀಳಿಗೆ ಯಾವುದಿರಬೇಕು? 2012 ಮತ್ತು 2013ರ ಇ5 ಮೊದಲ ಎರಡು ಪೀಳಿಗೆಗಳು ಎಲ್‌ಜಿಎ 2011 ಸಾಕೆಟ್‌ನವು, ಡಿಡಿಆರ್3 ಮೆಮೊರಿ. ಅವುಗಳ ಕಾಲದ ಅನೇಕ ಬೋರ್ಡ್‌ಗಳಿಗೆ ಪಿಸಿಐಇ ಮೂಲಕ ಜೋಡಿಸುವ ಎನ್‌ವಿಎಂಇ ಎಸ್‌ಎಸ್‌ಡಿಯಿಂದ ಬೂಟ್ ಆಗುವುದೂ ತಿಳಿಯದು. ಇಂದು ಹೊಸದಾಗಿ ಕಟ್ಟುವವರಿಗೆ ಅವು ತಕ್ಕವಲ್ಲ. 2014ರ ವಿ3 ಮತ್ತು 2016ರ ವಿ4 ಎಲ್‌ಜಿಎ 2011-3 ಸಾಕೆಟ್‌ನವು. ಹೆಸರು ಹತ್ತಿರವಾದರೂ ಹಿಂದಿನದರೊಂದಿಗೆ ಹೊಂದುವುದಿಲ್ಲ. ಕಲಿಯಲು, ಕಡಿಮೆ ಖರ್ಚಿನಲ್ಲಿ ಬಹಳಷ್ಟು ರ‍್ಯಾಮ್ ಹಾಕಲು ವಿ4 ಇಂದಿಗೂ ಒಪ್ಪುವ ಆಯ್ಕೆ. ಮುಂದಿನದು 2017 ಮತ್ತು 2019ರ ಸ್ಕೇಲಬಲ್ ಜಿಯಾನ್‌ಗಳ ಎಲ್‌ಜಿಎ 3647, ಆರು ಚಾನೆಲ್‌ಗಳೊಂದಿಗೆ. 2021ರ ಮೂರನೆಯ ಪೀಳಿಗೆಗೆ ಎಲ್‌ಜಿಎ 4189, ಎಂಟು ಚಾನೆಲ್‌ಗಳು. ಎಎಂಡಿ ಕಡೆ ಎಸ್‌ಪಿ3 ಸಾಕೆಟ್ 2017ರ ಮೊದಲ ಎಪಿಕ್‌ನಿಂದ 2021ರ ಮೂರನೆಯ ಪೀಳಿಗೆಯವರೆಗೆ ನಡೆಯಿತು. ಇದರಲ್ಲಿ ಮೊದಲ ಪೀಳಿಗೆಯನ್ನು ಬಿಟ್ಟುಬಿಡಿ ಎಂಬುದು ನನ್ನ ಖಚಿತ ಸಲಹೆ. ಅದರಲ್ಲಿ ಒಂದು ಪ್ರೊಸೆಸರ್‌ನೊಳಗೇ ನಾಲ್ಕು ತುಂಡುಗಳು, ನಾಲ್ಕಕ್ಕೂ ಬೇರೆ ಬೇರೆ ಮೆಮೊರಿ. ಜೋಡಿ ಹಾಕಿದರೆ ಎಂಟು ನ್ಯೂಮಾ ನೋಡ್‌ಗಳಾಗಿ ತಂತ್ರಾಂಶಗಳು ತಡವರಿಸುತ್ತವೆ. 2019ರಲ್ಲಿ ಬಂದ ಎರಡನೆಯ ಪೀಳಿಗೆಯಲ್ಲಿ ಮೆಮೊರಿಯ ನಿರ್ವಹಣೆ ಮಧ್ಯದ ಒಂದೇ ತುಂಡಿಗೆ ಹೋಯಿತು, ಪರಿಸ್ಥಿತಿ ಬಹಳ ಸುಧಾರಿಸಿತು. 2022ರ ನಂತರದ ಎಸ್‌ಪಿ5 ಎಪಿಕ್‌ಗಳಿಗೆ ಹನ್ನೆರಡು ಡಿಡಿಆರ್5 ಚಾನೆಲ್‌ಗಳಿವೆ. ಶಕ್ತಿ ಅಪಾರ, ಖರ್ಚೂ ಅದಕ್ಕೆ ತಕ್ಕಂತೆ.

ಒಂದೇ ಪೀಳಿಗೆಯೊಳಗೆ ಕೋರ್ ಸಂಖ್ಯೆಗೂ ಗಡಿಯಾರ ವೇಗಕ್ಕೂ ಜಗ್ಗಾಟವಿರುತ್ತದೆ. ಇ5-2699 ವಿ4ರಲ್ಲಿ 22 ಕೋರ್‌ಗಳು, ಮೂಲ ವೇಗ 2.2 ಗಿಗಾಹರ್ಟ್ಸ್. ಇ5-2667 ವಿ4ರಲ್ಲಿ 8 ಕೋರ್‌ಗಳು, ಮೂಲ ವೇಗ 3.2 ಗಿಗಾಹರ್ಟ್ಸ್. ದಿನಬಳಕೆಯೂ ಇದೇ ಯಂತ್ರದಲ್ಲಿ ಎಂದಾದರೆ ನಡುವಿನದನ್ನು ಹಿಡಿಯಿರಿ.

ಮದರ್‌ಬೋರ್ಡ್

ಇಲ್ಲಿ ಎಷ್ಟು ಹೊತ್ತು ಕಳೆದರೂ ವ್ಯರ್ಥವಲ್ಲ. ಸೂಪರ್‌ಮೈಕ್ರೊ, ಏಸಸ್, ಗಿಗಾಬೈಟ್, ಟಯಾನ್ ಕಂಪನಿಗಳ ಬೋರ್ಡ್‌ಗಳು ಬಿಡಿಯಾಗಿ ಸಿಗುತ್ತವೆ. ದೊಡ್ಡ ಕಂಪನಿಗಳ ಸಿದ್ಧ ವರ್ಕ್‌ಸ್ಟೇಷನ್‌ಗಳಿಂದ ಕಳಚಿ ಮಾರುವ ಬೋರ್ಡ್‌ಗಳಿಗೆ ಕೈ ಹಾಕಬೇಡಿ. ಅವುಗಳ ಆಕಾರ, ರಂಧ್ರಗಳ ಜಾಗ, ವಿದ್ಯುತ್ ಕನೆಕ್ಟರ್ ಎಲ್ಲವೂ ಆಯಾ ಕ್ಯಾಬಿನೆಟ್‌ಗೆ ಮಾತ್ರ ಹೊಂದುವಂಥವು.

ಕೊಳ್ಳುವ ಮುಂಚೆ ಬೋರ್ಡ್‌ನ ಕೈಪಿಡಿಯನ್ನು ಇಳಿಸಿಕೊಂಡು ಅದರಲ್ಲಿರುವ ಬ್ಲಾಕ್ ರೇಖಾಚಿತ್ರವನ್ನು ಓದಿ. ಯಾವ ಪಿಸಿಐಇ ಸ್ಲಾಟ್ ಯಾವ ಪ್ರೊಸೆಸರ್‌ಗೆ ಸೇರಿದೆ ಎಂಬುದು ಅಲ್ಲಿರುತ್ತದೆ. ಇ5 ವಿ4 ಒಂದೊಂದಕ್ಕೂ 40 ಲೇನ್‌ಗಳು. ಎರಡನೆಯ ಸಾಕೆಟ್ ಖಾಲಿ ಇದ್ದರೆ ಅದಕ್ಕೆ ಸೇರಿದ ಸ್ಲಾಟ್‌ಗಳು ಸತ್ತಂತೆಯೇ. "ಈಗ ಒಂದು ಪ್ರೊಸೆಸರ್, ಮುಂದೆ ಇನ್ನೊಂದು" ಎಂದು ಯೋಜಿಸುವವರಿಗೆ ಇದು ತಿಳಿದಿರಲೇಬೇಕು. ಎಪಿಕ್‌ನಲ್ಲಿ ಲೆಕ್ಕ ಬೇರೆ: ಒಂಟಿ ಪ್ರೊಸೆಸರ್‌ನಲ್ಲೇ 128 ಲೇನ್‌ಗಳಿವೆ, ಜೋಡಿಯಾದಾಗ ಒಂದು ಭಾಗ ನಡುವಿನ ಕೊಂಡಿಗೆ ಹೋಗುವುದರಿಂದ ಒಟ್ಟು 128ರಿಂದ 160ರ ಒಳಗೇ ಉಳಿಯುತ್ತದೆ. ಬರೀ ಲೇನ್‌ಗಳಿಗಾಗಿ ಎರಡನೆಯ ಎಪಿಕ್ ಕೊಳ್ಳುವುದರಲ್ಲಿ ಅರ್ಥವಿಲ್ಲ.

ಅಳತೆಯ ವಿಷಯದಲ್ಲಿ ಬಹಳ ಮಂದಿ ಎಡವುತ್ತಾರೆ. ಈ ಬೋರ್ಡ್‌ಗಳಲ್ಲಿ ಹೆಚ್ಚಿನವು 12 ಇಂಚು ಉದ್ದ, 13 ಇಂಚು ಅಗಲ. ಆ ಅಳತೆಗೆ ಎರಡು ಹೆಸರುಗಳಿವೆ: ಇ-ಎಟಿಎಕ್ಸ್ ಮತ್ತು ಎಸ್‌ಎಸ್‌ಐ-ಇಇಬಿ. ಹೊರಗಿನ ಅಳತೆ ಒಂದೇ ಆದರೂ ಸ್ಕ್ರೂ ರಂಧ್ರಗಳ ಜಾಗದಲ್ಲಿ ವ್ಯತ್ಯಾಸವಿದೆ. ಇನ್ನೂ ತೊಡಕೆಂದರೆ, ಇ-ಎಟಿಎಕ್ಸ್ ಹಿಡಿಸುತ್ತದೆ ಎಂದು ಜಾಹೀರಾತು ಮಾಡುವ ಹಲವು ಕ್ಯಾಬಿನೆಟ್‌ಗಳಲ್ಲಿ 10.7 ಇಂಚು ಅಗಲದ ಬೋರ್ಡ್‌ಗೆ ಮಾತ್ರ ಜಾಗವಿರುತ್ತದೆ. ಹೆಸರನ್ನು ನಂಬದೆ ಮಿಲಿಮೀಟರ್ ನೋಡಿ: 305 ಗುಣಿಸು 330. ಕ್ಯಾಬಿನೆಟ್‌ನ ತಳದ ಹಿತ್ತಾಳೆ ಕಂಬಗಳಲ್ಲಿ ಒಂದಾದರೂ ಬೋರ್ಡ್‌ನ ರಂಧ್ರವಿಲ್ಲದ ಜಾಗದಲ್ಲಿ ಉಳಿದರೆ ಅದು ಬೋರ್ಡ್‌ನ ಹಿಂಬದಿಗೆ ತಾಗಿ ಶಾರ್ಟ್ ಸರ್ಕ್ಯೂಟ್ ಆಗಬಹುದು. ಪ್ರತಿ ಕಂಬವನ್ನೂ ರಂಧ್ರಗಳೊಂದಿಗೆ ಹೋಲಿಸಿ, ಹೆಚ್ಚಾದದ್ದನ್ನು ತೆಗೆಯಿರಿ.

ಸರ್ವರ್ ಬೋರ್ಡ್ ಮತ್ತು ವರ್ಕ್‌ಸ್ಟೇಷನ್ ಬೋರ್ಡ್ ಬೇರೆ ಬೇರೆ ಎಂಬುದೂ ನೆನಪಿರಲಿ. ಸರ್ವರ್ ಬೋರ್ಡ್‌ನಲ್ಲಿ ಧ್ವನಿ ಕನೆಕ್ಟರ್ ಇರುವುದಿಲ್ಲ, ಯುಎಸ್‌ಬಿ ಕಿಂಡಿಗಳು ಕಡಿಮೆ, ಅನೇಕವುಗಳಲ್ಲಿ ಸ್ಲೀಪ್ ಸೌಲಭ್ಯವೂ ಇಲ್ಲ. ಏಸಸ್‌ನ ಜಡ್10ಪಿಇ-ಡಿ8 ಡಬ್ಲ್ಯೂಎಸ್, ಸೂಪರ್‌ಮೈಕ್ರೊದ ಎಕ್ಸ್10ಡಿಎಐ ಥರದವು ಮೇಜಿನ ಬಳಕೆಗೆಂದೇ ಆದವು, ಇವು ಇ5 ವಿ3 ಮತ್ತು ವಿ4 ಕಾಲದ ಬೋರ್ಡ್‌ಗಳು. ಬಳಸಿದ ಬೋರ್ಡ್ ಆದರೆ ಸಾಕೆಟ್‌ಗಳ ಹತ್ತಿರದ ಚಿತ್ರ ಕೇಳಿ. ಎಲ್‌ಜಿಎ ಸಾಕೆಟ್‌ನಲ್ಲಿ ಪಿನ್‌ಗಳು ಬೋರ್ಡ್‌ನ ಮೇಲೆಯೇ ಇರುತ್ತವೆ. ಒಂದು ಬಾಗಿದರೂ ಯಂತ್ರ ಚಾಲೂ ಆಗಿ, ಒಂದು ಮೆಮೊರಿ ಚಾನೆಲ್ ಮಾತ್ರ ಕಾಣದೆ ಹೋಗುವುದುಂಟು. ವಿ3 ಕಾಲದ ಬೋರ್ಡ್‌ಗೆ ವಿ4 ಹಾಕಬೇಕಾದರೆ ಬಯೋಸ್ ಹೊಸದಾಗಿರಬೇಕು. ಯಾವ ಆವೃತ್ತಿ ಇದೆ ಎಂದು ಮೊದಲೇ ವಿಚಾರಿಸಿ.

ರ‍್ಯಾಮ್

ಈ ಬೋರ್ಡ್‌ಗಳು ಬಯಸುವುದು ರಿಜಿಸ್ಟರ್ಡ್ ಇಸಿಸಿ ರ‍್ಯಾಮ್, ಅಂದರೆ ಆರ್‌ಡಿಐಎಂಎಂ. ತಪ್ಪುಗಳನ್ನು ತಾನೇ ಹಿಡಿದು ತಿದ್ದುವ ಈ ಬಗೆಯ ರ‍್ಯಾಮ್ ಸರ್ವರ್‌ಗಳಿಂದ ಕಳಚಿದ್ದು ಧಾರಾಳವಾಗಿ ಸಿಗುತ್ತದೆ. ಸಾಮಾನ್ಯ ಡೆಸ್ಕ್‌ಟಾಪ್‌ನ ರ‍್ಯಾಮ್ ಜೊತೆ ಇದನ್ನು ಬೆರೆಸಲಾಗದು. ಎಲ್‌ಆರ್‌ಡಿಐಎಂಎಂ ಎಂಬ ಇನ್ನೊಂದು ಬಗೆಯ ಜೊತೆಗೂ ಆಗದು. ಯಾವುದಾದರೂ ಒಂದನ್ನೇ ಹಿಡಿಯಿರಿ.

ಎರಡು ಕಡೆಯೂ ಸಮನಾಗಿ, ಪ್ರತಿ ಚಾನೆಲ್‌ಗೂ ಒಂದರಂತೆ ಹಾಕಬೇಕು. ನಾಲ್ಕು ಚಾನೆಲ್‌ಗಳ ಎರಡು ಇ5ಗಳಿಗೆ ಎಂಟು ತುಂಡುಗಳು, ಎಂಟು ಚಾನೆಲ್‌ಗಳ ಎರಡು ಎಪಿಕ್‌ಗಳಿಗೆ ಹದಿನಾರು. 128 ಜಿಬಿ ಬೇಕಾದಾಗ ನಾಲ್ಕು 32 ಜಿಬಿ ತುಂಡುಗಳಿಗಿಂತ ಎಂಟು 16 ಜಿಬಿ ತುಂಡುಗಳು ಮೇಲು, ಏಕೆಂದರೆ ನಾಲ್ಕೇ ಹಾಕಿದರೆ ಅರ್ಧ ಚಾನೆಲ್‌ಗಳು ಖಾಲಿ ಉಳಿದು ಹರಿವು ಅರ್ಧಕ್ಕಿಳಿಯುತ್ತದೆ. ಈ ಯಂತ್ರವನ್ನು ಆರಿಸಿದ್ದೇ ಆ ಹರಿವಿಗಾಗಿ. ಮುಂದೆ ಹೆಚ್ಚಿಸುವ ಆಸೆಯಿದ್ದರೆ ಪ್ರತಿ ಚಾನೆಲ್‌ಗೆ ಎರಡು ಸ್ಲಾಟ್‌ಗಳಿರುವ ಬೋರ್ಡ್ ಹುಡುಕಿ. ಯಾವ ಸ್ಲಾಟ್ ಮೊದಲು ತುಂಬಬೇಕೆಂಬ ಕ್ರಮ ಕೈಪಿಡಿಯಲ್ಲಿರುತ್ತದೆ, ಅದನ್ನು ಮೀರಬೇಡಿ.

ತಂಪು ಮತ್ತು ಸದ್ದು

ಎಲ್‌ಜಿಎ 2011 ಮತ್ತು 2011-3ರಲ್ಲಿ ಕೂಲರ್ ಕೂರುವ ಚೌಕಟ್ಟು ಎರಡು ಬಗೆ. ಚೌಕ ಬಗೆಯಲ್ಲಿ ಸ್ಕ್ರೂಗಳ ಅಂತರ 80 ಗುಣಿಸು 80 ಮಿಲಿಮೀಟರ್, ಕಿರಿದಾದ ಬಗೆಯಲ್ಲಿ 56 ಗುಣಿಸು 94. ಸ್ಲಾಟ್‌ಗಳ ಇಕ್ಕಟ್ಟಿನಿಂದಾಗಿ ಸರ್ವರ್ ಬೋರ್ಡ್‌ಗಳಲ್ಲಿ ಕಿರಿದಾದದ್ದು ಸಾಮಾನ್ಯ. ಆದರೆ ಅಂಗಡಿಯಲ್ಲಿ ಸಿಗುವ ಬಹುಪಾಲು ಕೂಲರ್‌ಗಳು ಚೌಕಕ್ಕೆ ಮಾತ್ರ. ಎರಡಕ್ಕೂ ಹೊಂದುವ ನಾಕ್ಟುವಾ ಎನ್‌ಎಚ್-ಯು12ಡಿಎಕ್ಸ್ ಐ4, ಎನ್‌ಎಚ್-ಯು9ಡಿಎಕ್ಸ್ ಐ4 ಥರದವನ್ನು ನೋಡಿ. ಎಲ್‌ಜಿಎ 3647ರಲ್ಲಿ ಪ್ರೊಸೆಸರ್ ಅನ್ನು ಮೊದಲು ಪ್ಲಾಸ್ಟಿಕ್ ಹಿಡಿಕೆಯ ಮೂಲಕ ಹೀಟ್‌ಸಿಂಕ್‌ಗೆ, ಅಂದರೆ ಕೂಲರ್‌ನ ಬಿಸಿ ಹೀರುವ ಲೋಹದ ಭಾಗಕ್ಕೆ, ಸಿಕ್ಕಿಸಿ, ಎರಡನ್ನೂ ಒಟ್ಟಿಗೆ ಸಾಕೆಟ್ ಮೇಲಿಳಿಸಬೇಕು. ಆ ಹಿಡಿಕೆ ಕೂಲರ್ ಜೊತೆ ಬರುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಅದಕ್ಕೆ ಟಾರ್ಕ್ಸ್ ಟಿ30 ತುದಿಯ ಸ್ಕ್ರೂಡ್ರೈವರ್ ಬೇಕು, ಎಸ್‌ಪಿ3 ಸಾಕೆಟ್‌ಗೆ ಟಿ20. ಎಸ್‌ಪಿ3ರ ಮೂರು ಸ್ಕ್ರೂಗಳ ಪಕ್ಕ 1, 2, 3 ಎಂದು ಬರೆದಿರುತ್ತದೆ, ಅದೇ ಕ್ರಮದಲ್ಲಿ ಬಿಗಿಗೊಳಿಸಬೇಕು.

ಎರಡು ಸಾಕೆಟ್‌ಗಳು ಗಾಳಿಯ ದಾರಿಯಲ್ಲಿ ಒಂದರ ಹಿಂದೆ ಒಂದಿದ್ದರೆ ಮೊದಲನೆಯದರ ಬಿಸಿ ಗಾಳಿಯನ್ನೇ ಎರಡನೆಯದು ಸೇದಿಕೊಳ್ಳುತ್ತದೆ. ಕೆಲವು ಡಿಗ್ರಿಗಳ ವ್ಯತ್ಯಾಸ ಸಹಜ, ಗಾಬರಿ ಬೇಡ. ಪ್ರೊಸೆಸರ್‌ಗೆ ವಿದ್ಯುತ್ ಒದಗಿಸುವ ವಿಆರ್‌ಎಂ ಭಾಗದ ಕಡೆಗೆ ಹೆಚ್ಚು ಗಮನ ಬೇಕು. ಸರ್ವರ್‌ನಲ್ಲಿ ಬಿರುಗಾಳಿಯಂತೆ ಬೀಸುವ ಫ್ಯಾನ್‌ಗಳಿರುತ್ತವೆ ಎಂದೇ ಅದಕ್ಕೆ ಚಿಕ್ಕ ಹೀಟ್‌ಸಿಂಕ್ ಕೊಟ್ಟಿರುತ್ತಾರೆ. ಡೆಸ್ಕ್‌ಟಾಪ್ ಕ್ಯಾಬಿನೆಟ್‌ನಲ್ಲಿ ಆ ಗಾಳಿ ಇಲ್ಲ. ಮುಂಭಾಗದಲ್ಲಿ ಎರಡು ಮೂರು ಫ್ಯಾನ್‌ಗಳಿದ್ದು, ಗಾಳಿ ಬೋರ್ಡ್‌ನ ಮೇಲೆ ಹಾದು ಹೋಗುವಂಥ ಕ್ಯಾಬಿನೆಟ್ ಆರಿಸಿ. ಇದೇ ಕಾರಣಕ್ಕೆ, ನೀರಿನ ಕೂಲರ್‌ಗಿಂತ ಬೋರ್ಡ್ ಮೇಲೂ ಗಾಳಿ ಹರಿಸುವ ಸಾದಾ ಕೂಲರ್ ನನಗೆ ಹೆಚ್ಚು ಇಷ್ಟ.

ಸದ್ದಿನ ಬಗ್ಗೆ ಒಂದು ಮಾತು. ಸರ್ವರ್ ಬೋರ್ಡ್‌ನಲ್ಲಿ ಬಿಎಂಸಿ ಎಂಬ ಪುಟ್ಟ ಕಾವಲುಗಾರ ಚಿಪ್ ಇರುತ್ತದೆ. ಯಂತ್ರ ಆಫ್ ಆಗಿದ್ದಾಗಲೂ ಅದು ಎಚ್ಚರವಿದ್ದು ದೂರದಿಂದ ನಿಯಂತ್ರಿಸಲು ಅನುವು ಮಾಡುತ್ತದೆ. ನೀವು ಕೊಂಡ ಮೌನ ಫ್ಯಾನ್ ನಿಧಾನವಾಗಿ ತಿರುಗಿದಾಗ ಕೆಲವು ಬೋರ್ಡ್‌ಗಳ ಬಿಎಂಸಿ ಫ್ಯಾನ್ ಕೆಟ್ಟಿತೆಂದು ತಿಳಿದು ಎಲ್ಲ ಫ್ಯಾನ್‌ಗಳನ್ನೂ ಪೂರ್ಣ ವೇಗಕ್ಕೆ ಏರಿಸುತ್ತದೆ. ಕ್ಷಣದ ನಂತರ ಸರಿಯಿದೆ ಎಂದು ಇಳಿಸುತ್ತದೆ, ಮತ್ತೆ ಏರಿಸುತ್ತದೆ. ಹೀಗೆ ಏರಿಳಿಯುವ ಸದ್ದು ಕೇಳಿದರೆ ಯಂತ್ರದಲ್ಲಿ ದೋಷವಿಲ್ಲ. ಬಿಎಂಸಿಯಲ್ಲಿ ಫ್ಯಾನ್‌ನ ಕನಿಷ್ಠ ವೇಗದ ಮಿತಿಯನ್ನು ತಗ್ಗಿಸಿದರೆ ನಿಲ್ಲುತ್ತದೆ.

ವಿದ್ಯುತ್

ಯಂತ್ರಕ್ಕೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಆರಿಸುವಾಗ ವ್ಯಾಟ್‌ಗಿಂತ ಮೊದಲು ಕನೆಕ್ಟರ್ ನೋಡಿ. 24 ಪಿನ್‌ನ ಮುಖ್ಯ ತಂತಿಯ ಜೊತೆಗೆ ಎರಡು 8 ಪಿನ್‌ನ ಇಪಿಎಸ್ ತಂತಿಗಳು ಬೇಕು, ಪ್ರೊಸೆಸರ್‌ಗೊಂದರಂತೆ. ಸಣ್ಣ ಎಸ್‌ಎಂಪಿಎಸ್‌ಗಳಲ್ಲಿ ಒಂದೇ ಇರುತ್ತದೆ. ಗ್ರಾಫಿಕ್ಸ್ ಕಾರ್ಡ್‌ನ 8 ಪಿನ್ ತಂತಿ ನೋಡಲು ಹಾಗೆಯೇ ಇದ್ದರೂ ಅದರಲ್ಲಿ 12 ವೋಲ್ಟ್ ಮತ್ತು ಗ್ರೌಂಡ್ ಅದಲು ಬದಲಾಗಿರುತ್ತವೆ. ಒತ್ತಾಯದಿಂದ ಸಿಕ್ಕಿಸಿದರೆ ಬೋರ್ಡ್ ಸುಡಬಹುದು. ಒಂದು ಎಸ್‌ಎಂಪಿಎಸ್‌ನ ಬಿಡಿ ತಂತಿಗಳನ್ನು ಇನ್ನೊಂದಕ್ಕೆ ಬಳಸುವುದೂ ಅಷ್ಟೇ ಅಪಾಯ. ಎಸ್‌ಎಂಪಿಎಸ್ ಕಡೆಯ ತುದಿಯ ಪಿನ್‌ಗಳಿಗೆ ಎಲ್ಲರೂ ಒಪ್ಪಿದ ಮಾನಕವಿಲ್ಲ.

ಲೆಕ್ಕ ಸರಳ. ಎರಡು ಇ5-2680 ವಿ4ಗಳಿಗೆ ತಲಾ 120 ವ್ಯಾಟ್, ಗ್ರಾಫಿಕ್ಸ್ ಕಾರ್ಡ್ 250 ವ್ಯಾಟ್‌ನದು, ಬೋರ್ಡ್, ರ‍್ಯಾಮ್, ಡಿಸ್ಕ್, ಫ್ಯಾನ್‌ಗಳಿಗೆ 100 ಎಂದಿಟ್ಟುಕೊಂಡರೆ ಒಟ್ಟು 590. ಇದಕ್ಕೆ ಒಳ್ಳೆಯ ಗುಣಮಟ್ಟದ 850 ವ್ಯಾಟ್ ಸಾಕು. ಕೆಲಸವಿಲ್ಲದೆ ಸುಮ್ಮನಿದ್ದಾಗಲೂ ಎರಡು ಸಾಕೆಟ್‌ಗಳ ಯಂತ್ರ ಸಾಮಾನ್ಯ ಡೆಸ್ಕ್‌ಟಾಪ್‌ಗಿಂತ ಗಣನೀಯವಾಗಿ ಹೆಚ್ಚು ವಿದ್ಯುತ್ ಎಳೆಯುತ್ತದೆ ಎಂಬುದು ದಿನವಿಡೀ ಓಡಿಸುವವರ ಗಮನದಲ್ಲಿರಲಿ.

ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್‌ಗಳ ಬಗ್ಗೆ ವಿಶೇಷವಾಗಿ ಹೇಳಬೇಕಾದ್ದು ಒಂದೇ: ಒಟ್ಟಿಗೆ ಕೆಲಸ ಮಾಡುವವು ಒಂದೇ ಪ್ರೊಸೆಸರ್‌ನ ಸ್ಲಾಟ್‌ಗಳಲ್ಲಿರಲಿ.

ಆಪರೇಟಿಂಗ್ ಸಿಸ್ಟಮ್ ಆಯ್ಕೆಯಲ್ಲೂ ಒಂದು ಬಲೆಯಿದೆ. ವಿಂಡೋಸ್‌ನ ಹೋಮ್ ಆವೃತ್ತಿ ಒಂದೇ ಸಾಕೆಟ್ ಅನ್ನು ಬಳಸುತ್ತದೆ. ಎರಡನೆಯ ಪ್ರೊಸೆಸರ್ ಬೋರ್ಡ್ ಮೇಲಿದ್ದೂ ಇಲ್ಲದಂತೆ. ಪ್ರೊ ಆವೃತ್ತಿ ಎರಡನ್ನು ಒಪ್ಪುತ್ತದೆ. ವಿಂಡೋಸ್ ಥ್ರೆಡ್‌ಗಳನ್ನು, ಅಂದರೆ ಕೋರ್‌ಗಳು ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆಗಳನ್ನು, 64ರ ಗುಂಪುಗಳಾಗಿ ವಿಂಗಡಿಸುವುದರಿಂದ, ವಿಂಡೋಸ್ 10ರಲ್ಲಿ ಹಳೆಯ ತಂತ್ರಾಂಶಗಳು ಒಂದು ಗುಂಪಿನೊಳಗೇ ಉಳಿದುಬಿಡುತ್ತವೆ. ವಿಂಡೋಸ್ 11ರಲ್ಲಿ ಇದು ಸಡಿಲವಾಗಿದೆ. ಲಿನಕ್ಸ್‌ನಲ್ಲಿ ಈ ತೊಡಕಿಲ್ಲ. ನ್ಯೂಮಾಸಿಟಿಎಲ್ ಎಂಬ ಆದೇಶದಿಂದ ಒಂದು ಕೆಲಸವನ್ನು ಒಂದು ನೋಡ್‌ಗೇ ಕಟ್ಟಿಹಾಕಲೂ ಬಹುದು. ಕೋರ್ ಅಥವಾ ಸಾಕೆಟ್ ಲೆಕ್ಕದಲ್ಲಿ ಪರವಾನಗಿ ಮಾರುವ ತಂತ್ರಾಂಶ ಬಳಸುವವರು ಆ ಖರ್ಚನ್ನೂ ಮೊದಲೇ ಕೂಡಿಸಬೇಕು.

ಎಲ್ಲ ಭಾಗಗಳೂ ಕೈಸೇರಿದ ಮೇಲೆ ಎಲ್ಲವನ್ನೂ ಒಮ್ಮೆಲೇ ಜೋಡಿಸಬೇಡಿ. ಬೋರ್ಡ್ ಅನ್ನು ಕ್ಯಾಬಿನೆಟ್‌ನ ಹೊರಗೆ, ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು, ಮೊದಲನೆಯ ಸಾಕೆಟ್‌ಗೆ ಮಾತ್ರ ಪ್ರೊಸೆಸರ್, ಅದರ ಕೂಲರ್, ಒಂದೇ ರ‍್ಯಾಮ್ ತುಂಡು ಹಾಕಿ ಚಾಲೂ ಮಾಡಿ. ಪರದೆಯ ಮೇಲೆ ಏನಾದರೂ ಮೂಡಲು ಒಂದೆರಡು ನಿಮಿಷ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹಿಡಿಯಬಹುದು. ಬಿಎಂಸಿ ಏಳುವ, ಬಯೋಸ್ ಮೆಮೊರಿಯನ್ನೆಲ್ಲ ಪರೀಕ್ಷಿಸುವ ಸಮಯ ಅದು. ಸತ್ತಿದೆಯೆಂದು ತಿಳಿದು ನಡುವೆ ವಿದ್ಯುತ್ ತೆಗೆಯಬೇಡಿ. ಅದು ಸರಿಯಾದ ಮೇಲೆ ಅದೇ ಸಾಕೆಟ್‌ನಲ್ಲಿ ಇನ್ನೊಂದು ಪ್ರೊಸೆಸರ್ ಹಾಕಿ ಪರೀಕ್ಷಿಸಿ, ಕೊನೆಗೆ ಎರಡನ್ನೂ ಅವುಗಳ ಜಾಗದಲ್ಲಿ ಕೂರಿಸಿ. ಹೀಗೆ ಮಾಡಿದರೆ ತೊಂದರೆ ಬಂದಾಗ ಅದು ಪ್ರೊಸೆಸರ್‌ನದೋ ಸಾಕೆಟ್‌ನದೋ ಎಂಬುದು ಗೊತ್ತಾಗುತ್ತದೆ.

ಎಲ್ಲ ರ‍್ಯಾಮ್ ಹಾಕಿ ಒಂದು ರಾತ್ರಿ ಮೆಮೊರಿ ಪರೀಕ್ಷೆ ಓಡಿಸಿ. ನಂತರ ಲಿನಕ್ಸ್‌ನಲ್ಲಿ ಎಲ್‌ಎಸ್‌ಸಿಪಿಯು ಆದೇಶ ಕೊಟ್ಟರೆ ಸಾಕೆಟ್‌ಗಳು 2 ಎಂದು ಕಾಣಬೇಕು. ನ್ಯೂಮಾ ನೋಡ್‌ಗಳೂ ಕನಿಷ್ಠ 2 ಇರಬೇಕು. 1 ಎಂದು ತೋರಿಸಿದರೆ ಬಯೋಸ್‌ನಲ್ಲಿ ನ್ಯೂಮಾ ಆಯ್ಕೆ ಮುಚ್ಚಿದೆ ಎಂದರ್ಥ, ತೆರೆಯಿರಿ. ನ್ಯೂಮಾಸಿಟಿಎಲ್‌ನಲ್ಲಿ ಪ್ರತಿ ನೋಡ್‌ನ ಮೆಮೊರಿ ಎಷ್ಟೆಂದು ನೋಡಿ. 128 ಜಿಬಿ ಹಾಕಿದ ಇ5 ಜೋಡಿಯಲ್ಲಿ ಎರಡೂ ಕಡೆ 64ರ ಹತ್ತಿರ ಬರಬೇಕು. ಒಂದು ಕಡೆ 48 ಮಾತ್ರ ಕಂಡರೆ ಆ ಬದಿಯ ಒಂದು ತುಂಡು ಸರಿಯಾಗಿ ಕೂತಿಲ್ಲ, ಇಲ್ಲವೇ ಆ ಸಾಕೆಟ್‌ನ ಪಿನ್ ಒಂದು ಬಾಗಿದೆ. ತುಂಡನ್ನು ತೆಗೆದು ಮತ್ತೆ ಕೂರಿಸಿ. ಆಗಲೂ 48 ಉಳಿದರೆ ಪ್ರೊಸೆಸರ್ ಎತ್ತಿ, ಭೂತಗನ್ನಡಿ ಹಿಡಿದು ಪಿನ್‌ಗಳ ಸಾಲುಗಳನ್ನು ಓರೆ ಬೆಳಕಿನಲ್ಲಿ ನೋಡಿ.